ಕಿಟಕಿ ಸಂದಿನ ವೈರು

ಸೊಳ್ಳೆ ಬರುತ್ತವೆಂದು ಸುಲೋಚನಮ್ಮ ದಿನಾ ಮುಸ್ಸಂಜೆ ಕಿಟಕಿ ಮುಚ್ಚುತ್ತಿದ್ದರು. ಅದೇ ಹೊತ್ತಿಗೆ ಮನೆಯ ಇಂಟರ್ನೆಟ್ ಹೋಗುತ್ತಿತ್ತು. ಅವರು ರೂಟರನ್ನು ಬೈದು, ಅದರ ತಲೆಗೆ ಮೊಟಕಿ, ಆಫ್ ಮಾಡಿ ಆನ್ ಮಾಡುತ್ತಿದ್ದರು.

"ವೈರಣ್ಣ, ನಿನಗೇನಾದರೂ ಪೆಟ್ಟಾಗಿದೆಯೇ?" ಎಂದು ರೂಟರು ಒಂದು ದಿನ ಕೇಳಿತು.

ಕಿಟಕಿಯ ಸಂದಿನಲ್ಲಿ ಹಾದು ಬರುವ ಇಂಟರ್ನೆಟ್ ವೈರಿನ ಮೈ ಅಲ್ಲಿ ಜಜ್ಜಿಹೋಗಿತ್ತು. ಹೇಳಿದರೆ ಕತ್ತರಿಸಿ ಎಸೆಯುತ್ತಾರೆಂಬ ಹೆದರಿಕೆ ಅದಕ್ಕೆ. "ನಾನು ಗಟ್ಟಿಯಾಗೇ ಇದ್ದೇನೆ. ನಿನ್ನನ್ನು ನೋಡಿಕೋ," ಎಂದಿತು.

"ಹಾಗಾದರೆ ತಪ್ಪು ನನ್ನದೇ ಇರಬೇಕು," ಎಂದಿತು ರೂಟರು. ಆ ಭಾನುವಾರ ಅದು ಗುಜರಿಯವನ ಚೀಲ ಸೇರಿತು.

ಹೊಸ ರೂಟರು ಬಂತು. ಸಂಜೆ ಕಿಟಕಿ ಮುಚ್ಚಿದೊಡನೆ ಇಂಟರ್ನೆಟ್ ಮತ್ತೆ ಹೋಯಿತು.

"ಅಣ್ಣ, ತಪ್ಪು ನನ್ನದೇ?" ಎಂದು ಹೊಸದು ಅಳುಕುತ್ತ ಕೇಳಿತು.

"ನಿನ್ನದಲ್ಲ," ಎಂದಿತು ವೈರು. "ನಿನಗಿಂತ ಮುಂಚೆ ಇದ್ದವನದೂ ಆಗಿರಲಿಲ್ಲ."