ಟಿಟ್ಟಿಭ ರೆಕ್ಕೆ ಎಳೆಯುವುದೇಕೆ

ಲೋಕ ಹೊಸದಾಗಿದ್ದಾಗ ಯಾರಿಗೂ ಸುಳ್ಳು ಬರುತ್ತಿರಲಿಲ್ಲ. ಎಲ್ಲರೂ ಒಳ್ಳೆಯವರಾಗಿದ್ದರು ಅಂತಲ್ಲ. ಇಲ್ಲದ್ದನ್ನು ಇದೆ ಎನ್ನಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ, ಅಷ್ಟೆ.

ಕೇಳಿದರೆ ಹೇಳಬೇಕು. ಬಯಲಿನಲ್ಲಿ ಇದ್ದದ್ದು ಅದೊಂದೇ ನಿಯಮ. ಗಾಳಿಯನ್ನು ಕೇಳಿದರೆ ಗಾಳಿ ಹೇಳುತ್ತಿತ್ತು. ಹಳ್ಳವನ್ನು ಕೇಳಿದರೆ ಹಳ್ಳ ಹೇಳುತ್ತಿತ್ತು.

ಆ ಬಯಲಿನಲ್ಲಿ ಒಬ್ಬಳು ಟಿಟ್ಟಿಭ ಹಕ್ಕಿ ಇದ್ದಳು. ಉದ್ದನೆಯ ಹಳದಿ ಕಾಲು, ಕಣ್ಣಿನ ಮುಂದೆ ಕೆಂಪು ತೊಗಲು. ಮರದ ಮೇಲೆ ಗೂಡು ಕಟ್ಟುವವಳಲ್ಲ. ಬರಿನೆಲದಲ್ಲಿ, ಕಲ್ಲುಗಳ ನಡುವೆ, ನಾಲ್ಕು ಮೊಟ್ಟೆ. ಚೂಪು ತುದಿಗಳೆಲ್ಲ ಒಳಕ್ಕೆ. ಚಿಪ್ಪಿನ ಮೇಲೆ ಕಲ್ಲಿನಂಥದೇ ಚುಕ್ಕೆ. ಎರಡು ಹೆಜ್ಜೆ ದೂರದಿಂದ ನೋಡಿದರೂ ಕಾಣುತ್ತಿರಲಿಲ್ಲ.

ಆದರೆ ಮುಂಗುಸಿ ಹುಡುಕುತ್ತಿರಲಿಲ್ಲ. ಕೇಳುತ್ತಿದ್ದ.

ಮೊದಲ ಸಲ ಅವಳನ್ನೇ ಕೇಳಿದ. "ಅಕ್ಕಾ, ಮೊಟ್ಟೆ ಎಲ್ಲಿಟ್ಟಿದ್ದೀಯ?"

"ಆ ಬಿಳಿ ಕಲ್ಲಿನ ಎಡಕ್ಕೆ," ಎಂದಳು. ಕೇಳಿದರೆ ಹೇಳಬೇಕಲ್ಲ.

ಸಂಜೆಗೆ ಚಿಪ್ಪು ಮಾತ್ರ ಉಳಿದಿತ್ತು.

ಅವಳು ಬೇರೆ ಜಾಗ ನೋಡಿ ಮತ್ತೆ ನಾಲ್ಕು ಮೊಟ್ಟೆ ಇಟ್ಟಳು. ಇಪ್ಪತ್ತೆಂಟು ದಿನ ಕಾವು ಕೊಡಬೇಕು. ಮಧ್ಯಾಹ್ನದ ಬಿಸಿಲಿಗೆ ಮೊಟ್ಟೆ ಬೇಯದಂತೆ ಹಳ್ಳಕ್ಕೆ ಓಡಿ ಹೊಟ್ಟೆಯ ಗರಿ ತೋಯಿಸಿಕೊಂಡು ಬರುತ್ತಿದ್ದಳು.

"ಹಳ್ಳಣ್ಣಾ, ನಾನು ಬರುವ ಹೊತ್ತು ಯಾರಿಗೂ ಹೇಳಬೇಡ."

"ಕೇಳಿದರೆ?"

"ಸುಮ್ಮನಿರು."

"ಸುಮ್ಮನಿರೋದಾ? ನಾನಾ?" ಹಳ್ಳ ಕಲ್ಲಿಂದ ಕಲ್ಲಿಗೆ ಹಾರಿ ನಕ್ಕಿತು. ಆಮೇಲೆ ಮೆಲ್ಲಗೆ ಹೇಳಿತು, "ಮುಂಗುಸಿ ನಿನ್ನೆಯೇ ಕೇಳಿಕೊಂಡು ಹೋದನಲ್ಲ ತಾಯಿ."

ಅಂದಿನಿಂದ ಅವಳು ಹಳ್ಳಕ್ಕೆ ಹೋದರೂ ಅರ್ಧ ಗರಿ ನೆನೆಯುವಷ್ಟರಲ್ಲಿ ತಿರುಗಿ ಓಡುತ್ತಿದ್ದಳು.

ಇಪ್ಪತ್ತೇಳನೆಯ ದಿನ ಮೊಟ್ಟೆಯೊಳಗಿಂದ ಟಕ್ ಟಕ್ ಎಂದು ಸದ್ದು ಬಂತು. ಅವಳಿಗೆ ಸಂತೋಷಕ್ಕಿಂತ ಹೆದರಿಕೆಯೇ ಹೆಚ್ಚಾಯಿತು.

"ಗಾಳಿಯಣ್ಣಾ, ಏನು ವಾಸನೆ?"

"ಮುಂಗುಸಿ."

"ಎಷ್ಟು ದೂರ?"

"ನೂರು ಹೆಜ್ಜೆ."

"ಈಗ?"

"ಅರವತ್ತು."

"ಈಗ?"

"ಕೇಳಬೇಡ ತಾಯಿ. ಹೇಳಬೇಕಾಗುತ್ತೆ."

ಅವಳು ಎದ್ದು ಅವನಿಗೆ ಎದುರಾಗಿ ಓಡಿದಳು.

"ಏನಕ್ಕಾ, ಈ ಸಲ ನೀನೇ ಬಂದುಬಿಟ್ಟೆ!" ಎಂದ ಮುಂಗುಸಿ. "ನನಗೆ ಸುತ್ತೋದು ತಪ್ಪಿತು. ಮೊಟ್ಟೆ ಎಲ್ಲಿ?"

ಉತ್ತರ ಗಂಟಲಿಗೆ ಬಂದೇಬಿಟ್ಟಿತು. ಅದು ಮಾತಾಗುವ ಮೊದಲೇ ಅವಳು ಕಿರುಚಿದಳು. ಗಾಬರಿಯಲ್ಲಿ ಪಕ್ಕಕ್ಕೆ ಓಡಿದಳು. ಕಾಲಿಗೆ ಕಲ್ಲು ತಾಗಿ ಮುಗ್ಗರಿಸಿದಳು. ಎಡ ರೆಕ್ಕೆ ಅಗಲಕ್ಕೆ ಬಿಚ್ಚಿ ನೆಲಕ್ಕೆ ತಾಗಿತು.

"ಅಯ್ಯೋ, ರೆಕ್ಕೆ ಮುರೀತಾ?" ಮುಂಗುಸಿಯ ಮೀಸೆ ನಿಮಿರಿತು. ಮೊಟ್ಟೆಗಿಂತ ಹಕ್ಕಿ ದೊಡ್ಡದಲ್ಲವೆ?

ರೆಕ್ಕೆ ಮುರಿದಿರಲಿಲ್ಲ. ಎತ್ತಿಕೊಳ್ಳಬಹುದಿತ್ತು. ಅವಳು ಎತ್ತಿಕೊಳ್ಳಲಿಲ್ಲ.

ಮತ್ತೊಮ್ಮೆ ಕಿರುಚಿ, ರೆಕ್ಕೆಯನ್ನು ಮಣ್ಣಿನಲ್ಲಿ ಎಳೆಯುತ್ತ ಮುಂದೆ ಹೋದಳು. ಮುಂಗುಸಿ ಹಿಂದೆ ಬಂದ. ಅವಳು ಎಳೆದಳು, ಅವನು ಬಂದ. ಅವನ ಉಸಿರು ಬಾಲದ ಗರಿಗೆ ತಾಗಿತು. ಅವಳು ಇನ್ನೂ ಎಳೆದಳು. ಮುಳ್ಳುಪೊದೆಯ ಹತ್ತಿರ ಅವನು ನೆಗೆದ. ಅವಳು ಹಾರಿದಳು.

ಮುಂಗುಸಿ ಮೊಟ್ಟೆಯನ್ನೂ ಮರೆತು ಮೇಲೆ ನೋಡುತ್ತ ನಿಂತ.

"ಗಾಳಿ, ಅವಳ ರೆಕ್ಕೆ ಮುರಿದಿತ್ತಾ?"

"ಇಲ್ಲ."

"ಮತ್ತೆ ನಾನು ಕಂಡದ್ದು?"

ಗಾಳಿಗೆ ಮೊದಲ ಬಾರಿ ಉತ್ತರ ತಿಳಿಯಲಿಲ್ಲ. ಅವನು ಕಂಡದ್ದಕ್ಕೆ ಇನ್ನೂ ಹೆಸರಿರಲಿಲ್ಲ. ಅಂದಿನಿಂದ ಮುಂಗುಸಿ ಏನನ್ನೇ ಕಂಡರೂ ಹಿಂಗಾಲ ಮೇಲೆ ಎದ್ದು ನಿಂತು ಇನ್ನೊಮ್ಮೆ ನೋಡುತ್ತಾನೆ.

ಮರುದಿನ ನಾಲ್ಕೂ ಮೊಟ್ಟೆ ಒಡೆದವು. ನಾಲ್ಕು ಮರಿ. ಟಿಟ್ಟಿಭ ರೆಕ್ಕೆಯಡಿ ಅವನ್ನು ಸೇರಿಸಿಕೊಂಡು ಕೂತಳು.

ದೂರದಿಂದ ಮುಂಗುಸಿ ಕೂಗಿದ. "ಅಕ್ಕಾ, ನಾನಿನ್ನು ಈ ಕಡೆ ಬರೋದಿಲ್ಲ!"

ಮೊನ್ನೆಯಾಗಿದ್ದರೆ ಅಷ್ಟು ಸಾಕಿತ್ತು. ಅವಳು ಕಣ್ಣು ಮುಚ್ಚಿ ಮಲಗಬಹುದಿತ್ತು. ಆದರೆ ಈಗ ಅವಳಿಗೆ ಒಂದು ಯೋಚನೆ ಬಂತು. ನಿನ್ನೆ ನನಗೆ ಹೊಳೆದದ್ದು ಅವನಿಗೂ ಹೊಳೆದಿದ್ದರೆ?

"ಗಾಳಿಯಣ್ಣಾ, ಅವನು ಹೋದನಾ?"

"ಹೋದ," ಎಂದಿತು ಗಾಳಿ.

ಅವಳು ಗಾಳಿಯನ್ನೂ ನಂಬಲಿಲ್ಲ. ಕಲ್ಲಿಂದ ಕಲ್ಲಿಗೆ ಓಡಿ ತಾನೇ ನೋಡಿದಳು. ಬಂದು ಕೂತಳು. ಮತ್ತೆ ಎದ್ದು ನೋಡಿದಳು.

ಅದಕ್ಕೇ ಮಗೂ, ನೀನು ಬರೀ ಚೆಂಡು ಹುಡುಕಲು ಬಯಲಿಗೆ ಹೋದರೂ ಟಿಟ್ಟಿಭ ನಿನ್ನ ತಲೆಯ ಮೇಲೆ ಕೂಗುತ್ತ ಸುತ್ತುತ್ತದೆ, ಮುಂದೆ ಇಳಿದು ರೆಕ್ಕೆ ಎಳೆಯುತ್ತದೆ. ಚೆಂಡಿಗೆ ಬಂದೆ ಎಂದು ನೀನು ಎಷ್ಟು ಹೇಳಿದರೂ ಅದು ನಂಬುವುದಿಲ್ಲ; ಆಗ ಅದರ ಹಿಂದೆ ಹೋಗಬೇಡ, ಕಾಲ ಬುಡ ನೋಡಿಕೊಂಡು ಬಂದ ದಾರಿಯಲ್ಲೇ ಮೆಲ್ಲಗೆ ವಾಪಸು ಬಾ.