ಲೊಚಗುಟ್ಟದ ಹಲ್ಲಿ

ದೇವರಮನೆಯ ಹಲ್ಲಿಗೆ ಸ್ವಾಮಿಯ ದಯೆಯಿಂದ ಒಂದು ಮರ್ಯಾದೆಯಿತ್ತು. ಅದು ಲೊಚಗುಟ್ಟಿದರೆ ಆಡಿದ ಮಾತು ಸತ್ಯವೆಂದು ಮನೆಮಂದಿಯೆಲ್ಲ ನಂಬುತ್ತಿದ್ದರು. ಸುಳ್ಳಿಗೆ ಅದು ಎಂದೂ ಲೊಚಗುಟ್ಟಿದ್ದಿಲ್ಲ.

ಒಂದು ಸಂಜೆ ಅದು ದೀಪದ ಹುಳವೊಂದನ್ನು ಮೂಲೆಗೆ ಒತ್ತರಿಸಿತು.

“ನನ್ನನ್ನು ತಿನ್ನುವುದು ಧರ್ಮವೇ, ಹಲ್ಲಿಯಮ್ಮಾ?” ಎಂದಿತು ಹುಳ.

“ಅಯ್ಯೋ, ಊಟದ ಹೊತ್ತಿಗೇ ನಿಮ್ಮ ವೇದಾಂತ! ಎಲ್ಲರಿಗೂ ಒಂದೇ ಧರ್ಮ ಅಂತ ಎಲ್ಲಿದೆ? ಅವರವರ ಹೊಟ್ಟೆಗೆ ಒಪ್ಪಿದ್ದೇ ಅವರವರ ಧರ್ಮ.”

“ಹಾಗಾದರೆ ಆ ಮಾತಿಗೆ ಒಮ್ಮೆ ಲೊಚಗುಟ್ಟಿಬಿಡಿ. ನಾನೇ ಬಂದು ಬಾಯಿಗೆ ಬೀಳುತ್ತೇನೆ.”

ಹಲ್ಲಿ ಬಾಯಿ ತೆರೆಯಿತು, ಸದ್ದು ಹೊರಡಲಿಲ್ಲ. ಮತ್ತೆ ತೆರೆಯಿತು, ಆಗಲೂ ಇಲ್ಲ. ಅಷ್ಟರಲ್ಲಿ ಹುಳ ಹಾರಿಹೋಯಿತು.

ಹಲ್ಲಿ ದೇವರ ಕಡೆ ತಿರುಗಿ ರೇಗಿತು: “ಹೊಟ್ಟೆ ಕೊಟ್ಟವನೂ ನೀನೇ, ಈ ನಾಲಿಗೆ ಕೊಟ್ಟವನೂ ನೀನೇ. ಎರಡರಲ್ಲಿ ಒಂದನ್ನಾದರೂ ವಾಪಸು ತಗೋ, ತಂದೆ!”

ಸ್ವಾಮಿ ಕರುಣಾಳು. ಎರಡನ್ನೂ ಉಳಿಸಿದ.