ಅಣ್ಣನ ಪೆಟ್ಟಿಗೆ ತಮ್ಮನ ಕಡೆಗೆ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಹನ್ನೆರಡು ವರ್ಷದಿಂದ ನಿಮ್ಮ ಪಕ್ಕದಲ್ಲೇ ಕೂತಿದ್ದೇನೆ. ಪಾಠ ಹೇಳುವಾಗ ನೀವು ಒಂದು ದಿನವೂ ನನ್ನ ಮುಖ ನೋಡಿಲ್ಲ. ನಿನ್ನೆ ಮೊನ್ನೆ ಬಂದು ಬಾಗಿಲ ಹತ್ತಿರ ಕೂತವರನ್ನೇ ನೋಡುತ್ತೀರಿ. ನನ್ನಿಂದ ಏನು ತಪ್ಪಾಗಿದೆ?"

ಗುರುಗಳು ಬಾಗಿಲ ಕಡೆ ನೋಡುತ್ತಲೇ ಕತೆ ಶುರುಮಾಡಿದರು.

ಒಬ್ಬ ಬೆಲ್ಲದ ವರ್ತಕನಿದ್ದ. ಅವನಿಗೊಬ್ಬ ಅಣ್ಣ, ಒಬ್ಬ ತಮ್ಮ. ಮೂವರದೂ ಒಂದೇ ಮನೆ, ಒಂದೇ ಒಲೆ. ವರ್ತಕನಿಗೆ ಇದ್ದ ಹೆಮ್ಮೆ ಅದೊಂದೇ. ಆದರೆ ಈಚೆಗೆ ಅಣ್ಣನೂ ತಮ್ಮನೂ ಸಣ್ಣಪುಟ್ಟದಕ್ಕೆಲ್ಲ ಸಿಡುಕತೊಡಗಿದ್ದರು. ಸಂಜೆ ಹೊತ್ತು ಮೂವರೂ ಕೂತು ನಾಲ್ಕು ಹಾಡು ಕೇಳಿದರೆ ಮನೆ ಒಡೆಯದೆ ಉಳಿದೀತು ಎಂದುಕೊಂಡು ಅವನು ಹಾಡಿನ ಯಂತ್ರ ತಂದ. ಅದಕ್ಕೆ ಎರಡು ಸ್ಪೀಕರ್ ಪೆಟ್ಟಿಗೆ. ಪಡಸಾಲೆಯ ಗೋಡೆಗೆ ಎಡಕ್ಕೊಂದು ಬಲಕ್ಕೊಂದು ಇಟ್ಟು, ಎದುರಿಗೆ ಸರಿಯಾಗಿ ನಡುವೆ ಚಾಪೆ ಹಾಸಿ ಕೂತ. ಹಾಡುವಾಕೆ ಎರಡೂ ಪೆಟ್ಟಿಗೆ ಬಿಟ್ಟು, ನಡುವಿನ ಬರಿಗೋಡೆಯ ಮುಂದೆ ಬಂದು ಕೂತು ಹಾಡಿದಂತಾಯಿತು. ವರ್ತಕ ತಲೆದೂಗಿದ.

ಉಳಿದಿಬ್ಬರು ತಲೆದೂಗಲಿಲ್ಲ. ಅಣ್ಣ ಕೂರುವುದು ಎಡಗಡೆಯ ಆರಾಮಕುರ್ಚಿಯಲ್ಲಿ. ತಮ್ಮ ಬಲಗಡೆ, ಅಡುಗೆಮನೆ ಬಾಗಿಲ ಬಳಿಯ ಮಂಚದಲ್ಲಿ.

"ದನಿ ಬರುತ್ತದೆ, ಮಾತು ಗೊತ್ತಾಗುವುದಿಲ್ಲ" ಎಂದ ಅಣ್ಣ.

"ನಡುವೆ ಬಂದು ಕೂರಣ್ಣ" ಎಂದ ವರ್ತಕ.

"ಅಪ್ಪ ಕೂರಿಸಿದ ಜಾಗ ಬಿಟ್ಟು ನಿನ್ನ ಚಾಪೆಗೆ ಬರಲೇನೋ?"

ಅಣ್ಣ ಎದ್ದು ಎಡಗಡೆಯ ಪೆಟ್ಟಿಗೆಯನ್ನು ತನ್ನ ಮುಖಕ್ಕೇ ತಿರುಗಿಸಿಕೊಂಡ. ಅದನ್ನು ನೋಡಿ ತಮ್ಮ ಬಲಗಡೆಯದನ್ನು ತನ್ನ ಕಡೆಗೆ ತಿರುಗಿಸಿಕೊಂಡ. ಈಗ ಇಬ್ಬರಿಗೂ ಮಾತು ಗೊತ್ತಾಯಿತು. ಜಗಳವೂ ಶುರುವಾಯಿತು. ಹಾಡುವಾಕೆ ತನ್ನ ಪೆಟ್ಟಿಗೆಯಲ್ಲಿದ್ದಾಳೆ ಎಂದು ಅಣ್ಣ, ಇಲ್ಲ, ತನ್ನದರಲ್ಲಿ ಎಂದು ತಮ್ಮ. ಎಂಟು ದಿನದಲ್ಲಿ ಜಗಳ ಅಡುಗೆಮನೆಗೂ ಹೋಯಿತು. ಒಂದೇ ಒಲೆಯ ಮೇಲೆ ಎರಡು ಸಾರು ಕುದಿಯತೊಡಗಿದವು.

ಕೊನೆಗೆ ಅಣ್ಣ ಹೇಳಿದ: "ಭಾನುವಾರ ಪಂಚರನ್ನು ಕರೆಸು. ಮನೆ ಪಾಲಾಗಲಿ. ನನ್ನ ಪೆಟ್ಟಿಗೆ ನನಗೆ, ಅವನದು ಅವನಿಗೆ."

"ಮತ್ತೆ ನನಗೆ?"

"ನಿನಗೆ ನಡುವಿನ ವೈರು."

ವರ್ತಕನಿಗೆ ಅನ್ನ ಸೇರಲಿಲ್ಲ. ಶನಿವಾರ ಬೆಳಗ್ಗೆ, ಮದುವೆಮನೆಗಳಿಗೆ ಮೈಕು ಕಟ್ಟುವವನೊಬ್ಬನನ್ನು ಕರೆಸಿ, ಪೆಟ್ಟಿಗೆಗಳನ್ನು ಬಿಚ್ಚಿ ಬೇರೆ ಮಾಡಿಕೊಡು ಎಂದ. ಅವನು ಪಡಸಾಲೆಗೆ ಬಂದು ಪೆಟ್ಟಿಗೆ ನೋಡಿದ, ಕುರ್ಚಿ ನೋಡಿದ, ಮಂಚ ನೋಡಿದ. ಬಿಚ್ಚಲಿಲ್ಲ. ಎಡಗಡೆಯ ಪೆಟ್ಟಿಗೆಯನ್ನು ತಮ್ಮನ ಮಂಚದ ಕಡೆಗೂ, ಬಲಗಡೆಯದನ್ನು ಅಣ್ಣನ ಕುರ್ಚಿಯ ಕಡೆಗೂ ತಿರುಗಿಸಿಟ್ಟ.

ಅಣ್ಣ ಕುರ್ಚಿಯಿಂದ ಅರ್ಧ ಎದ್ದ. "ನನ್ನದನ್ನು ಅವನಿಗೆ ತೋರಿಸುತ್ತೀಯಾ? ನಿನಗೆ ಅವನು ಏನು ತಿನ್ನಿಸಿದ?"

"ಒಂದು ಹಾಡು ತಾಳಿ ಸಾವ್ಕಾರ್ರೆ" ಎಂದ ಮೈಕಿನವನು. "ಪೆಟ್ಟಿಗೆ ಅಂದರೆ ಟಾರ್ಚು ಇದ್ದ ಹಾಗೆ. ಮುಖ ಇದ್ದ ಕಡೆ ಜೋರು, ಪಕ್ಕಕ್ಕೆ ಮಂಕು. ಹತ್ತಿರದ್ದರ ದನಿ ಮೊದಲು ಬಂದು ಕಿವಿ ಹಿಡಿದುಬಿಡುತ್ತದೆ. ಅದು ಜೋರೂ ಆದರೆ, ದೂರದ್ದನ್ನು ಕಿವಿ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಹತ್ತಿರದ್ದು ಮುಖ ತಿರುಗಿಸಿಕೊಂಡು ಮೆತ್ತಗಿರಬೇಕು. ದೂರದ್ದು ನಿಮ್ಮನ್ನು ನೋಡಿ ಜೋರಾಗಿ ಹೇಳಬೇಕು. ಆಗ ಎರಡೂ ಸರಿದೂಗುತ್ತವೆ."

ಹಾಡು ಹಾಕಿದರು. ಇಬ್ಬರೂ ಕಿವಿಗೊಟ್ಟರು, ಮೈಕಿನವನನ್ನು ಸೋಲಿಸುವುದಕ್ಕೆಂದೇ.

"ಈಗ ಹೇಳಿ, ಆಕೆ ಎಲ್ಲಿ ಕೂತಿದ್ದಾಳೆ?" ಎಂದ ಮೈಕಿನವನು.

ಅಣ್ಣ ಬೆರಳು ತೋರಿಸಿದ. ತಮ್ಮನೂ ತೋರಿಸಿದ. ಎರಡು ಬೆರಳೂ ಗೋಡೆಯ ನಡುವೆ ವರ್ತಕನ ಅಂಗಿ ನೇತುಹಾಕಿದ್ದ ಮೊಳೆಯ ಮೇಲೆ ಹೋಗಿ ನಿಂತವು. ಅಣ್ಣ ತಮ್ಮನ ಬೆರಳನ್ನು ಒಮ್ಮೆ ನೋಡಿದ, ತನ್ನದನ್ನು ಒಮ್ಮೆ ನೋಡಿಕೊಂಡ. ಆಮೇಲೆ, "ಆ ಅಂಗಿ ತೆಗೆಯೋ, ಅವಳ ಮುಖಕ್ಕೆ ಅಡ್ಡ ಬರುತ್ತದೆ" ಎಂದು ವರ್ತಕನನ್ನು ಗದರಿದ. ತಮ್ಮನೇ ಎದ್ದು ಹೋಗಿ ತೆಗೆದ.

ಭಾನುವಾರ ಪಂಚರು ಬಂದರು. ಅವರಿಗೆ ಒಂದೇ ಒಲೆಯ ಕಾಫಿ ಕೊಟ್ಟು, ಎರಡು ಹಾಡು ಕೇಳಿಸಿ, ಕಳಿಸಿಕೊಟ್ಟರು.

ಗುರುಗಳು ಕತೆ ನಿಲ್ಲಿಸಿದರು. ಇನ್ನೂ ಬಾಗಿಲನ್ನೇ ನೋಡುತ್ತಿದ್ದರು.

"ಕತೆ ತಿಳಿಯಿತು ಗುರುಗಳೇ. ಆದರೂ ಒಂದು ಸಲ, ನನಗಾಗಿ, ಈ ಕಡೆ ತಿರುಗಬಾರದೇ?"

"ಮುಖ ಬೇಕಿದ್ದರೆ ಎದ್ದು ಹೋಗಿ ಬಾಗಿಲ ಹತ್ತಿರ ಕೂರಪ್ಪ" ಎಂದರು ಗುರುಗಳು.